ಮುಟ್ಟದೆ ಬಿಟ್ಟ ಮಣ್ಣು

ಮಾರ್ಚ್ 12, ಬುಧವಾರ, ಬೆಳಿಗ್ಗೆ 9.20. ಹರಿಹರದಿಂದ ಬಂದ ಮಾಬೂಬೀ ಠಾಣೆಯ ಬೆಂಚಿನಲ್ಲಿ ಕೂತಿದ್ದರು. ಹೆಡ್ ಕಾನ್‌ಸ್ಟೆಬಲ್ ವಾಮದೇವಪ್ಪ ಕೊಟ್ಟ ಚಹಾ ಮುಟ್ಟಿರಲಿಲ್ಲ. ಮಗ ಆಸಿಮ್ ಆವರಗೆರೆ ಆಚೆಯ ಹೊಸ ಕಸದ ಘಟಕದಲ್ಲಿ ಸರ್ವೇಯರ್. ಸೋಮವಾರ ಕೆಲಸಕ್ಕೆ ಹೋದವನು ಮನೆಗೆ ಬಂದಿಲ್ಲ.

“ಹೇಳ್ದೆ ಎಲ್ಲೂ ಹೋಗೋನಲ್ರಿ ಮೇಡಂ. ನನ್ ಮಗನ್ನ ಹುಡುಕಿಕೊಡ್ರಿ.”

ಇನ್ಸ್‌ಪೆಕ್ಟರ್ ಉಮಾಮಹೇಶ್ವರಿ ಎಫ್‌ಐಆರ್ ಪ್ರತಿಯನ್ನು ಮಾಬೂಬೀ ಕೈಗಿಟ್ಟರು.

11.05ಕ್ಕೆ ಘಟಕ ತಲುಪಿದರು. ಬಾಯ್ದೆರೆದ ಹೊಂಡ, ಪಕ್ಕದಲ್ಲಿ ಅಗೆದ ಮಣ್ಣಿನ ಗುಡ್ಡೆ, ನೆತ್ತಿಯ ಮೇಲೆ ಹದ್ದುಗಳು. ಸೂಪರ್‌ವೈಸರ್ ಬಕ್ಕೇಶ್ ಆವರಗೆರೆಯವನೇ. ಹಣೆ ತುಂಬ ವಿಭೂತಿ, ಆದರೆ ಕಣ್ಣಿಗೆ ಕಣ್ಣು ಕೊಡಲೊಲ್ಲ.

“ಸೋಮವಾರ ಸಂಜೀಗೆ ಹೋದ್ರು ಮೇಡಂ. ಆಮ್ಯಾಲೆ ನಾ ನೋಡಿಲ್ಲ.”

ಕಚೇರಿ ಗೋಡೆಯಲ್ಲಿ, ಯಾರೂ ಕತ್ತೆತ್ತಿ ನೋಡದ ಮಣ್ಣುಕೆಲಸದ ನಕ್ಷೆ. ದಿನದ ಕಸಕ್ಕೆ ಅದೇ ದಿನ ಮಣ್ಣು ಹೊದಿಸಬೇಕು. ಅದಕ್ಕೆ ಗುಡ್ಡೆಯನ್ನು ಪೂರ್ವದಿಂದ ಕರಗಿಸುತ್ತ ಬರಬೇಕು. ಹೊರಗೆ ಜೆಸಿಬಿ ಪಶ್ಚಿಮದಲ್ಲಿ ಬಗೆಯುತ್ತಿತ್ತು.

“ಈ ಕಡೆ ಯಾವಾಗಿಂದ?” ಉಮಾಮಹೇಶ್ವರಿ ಡ್ರೈವರನನ್ನು ಕೇಳಿದರು.

“ನಿನ್ನೆಯಿಂದ್ರಿ. ಆ ಕಡೆ ಮುಟ್ಟಬ್ಯಾಡ ಅಂದ್ರು ಬಕ್ಕೇಶಣ್ಣ.”

ತಹಶೀಲ್ದಾರರನ್ನು, ಪಂಚರನ್ನು ಕರೆಸಿ ಪೂರ್ವದ ಬದಿ ಅಗೆಸಿದರು. 3.40ಕ್ಕೆ ಆಸಿಮ್ ಸಿಕ್ಕ. ತಲೆಯ ಹಿಂದೆ ಗಾಯ. ಅವನನ್ನು ಮಲಗಿಸಿರಲಿಲ್ಲ, ಕೂರಿಸಿದ್ದರು. ಮಡಿಲಲ್ಲಿ ವಿಭೂತಿ ಗಟ್ಟಿ, ಬಾಡಿದ ಪತ್ರೆ.

ಪಂಚನಾಮೆ ಬರೆಯುತ್ತಿದ್ದ ವಾಮದೇವಪ್ಪನ ಪೆನ್ನು ನಿಂತಿತು. “ಮೇಡಂ, ಇದು ನಮ್ಮ ಲಿಂಗಾಯತರು ಮಣ್ಣು ಮಾಡೋ ರೀತಿ.”

ಬಕ್ಕೇಶ್ ಓಡಲಿಲ್ಲ.

“ಕಸದಾಗ ಹಾಕಿದ್ರೆ ಯಾರಿಗೂ ಸಿಕ್ತಿರಲಿಲ್ಲ. ಯಾಕ ಹಾಕ್ಲಿಲ್ಲ?”

“ಮನುಷ್ಯ ಅಲ್ಲೇನ್ರಿ ಮೇಡಂ? ಕಸದಾಗ ಹೆಂಗೆ ಹಾಕ್ಲಿ? ನನಗೆ ಗೊತ್ತಿದ್ದಂಗೆ ಮಾಡ್ದೆ.”

ಘಟಕಕ್ಕೆ ಹೋದ ಜಮೀನಿನಲ್ಲಿ ಬಕ್ಕೇಶನ ತಾಯಿಯ ಸಮಾಧಿಯಿತ್ತು. ನಕ್ಷೆಯಲ್ಲಿ ಮುಂದಿನ ಹೊಂಡದ ಗೆರೆ ಅದರ ಮೇಲೇ ಹಾದಿತ್ತು. ಗೆರೆ ಬದಲಿಸಿ ಎಂದು ತಿಂಗಳಿಂದ ಆಸಿಮ್‌ಗೆ ದುಂಬಾಲು ಬಿದ್ದಿದ್ದ. ಸೋಮವಾರ ಸಂಜೆ ಆಸಿಮ್ ಸಮಾಧಿಯ ಬಳಿ ಗೂಟ ಹೊಡೆಯುವುದನ್ನು ಕಂಡವನೇ ಸಲಿಕೆ ಬೀಸಿದ.

5.15ಕ್ಕೆ ಬಂಧನ. ಜೀಪು ಹತ್ತುವಾಗ ಬಕ್ಕೇಶ್ ಕೈಮುಗಿದ. “ನಮ್ಮವ್ವನ್ನ ಅಗಿಬ್ಯಾಡ್ರಿ ಅಂತ ಹೇಳ್ರಿ ಮೇಡಂ.”

ಉಮಾಮಹೇಶ್ವರಿ ಆಸಿಮ್‌ನ ಜೇಬಿನಲ್ಲಿ ಸಿಕ್ಕಿದ್ದ ಹೊಸ ನಕ್ಷೆ ಬಿಡಿಸಿ ಹಿಡಿದರು. ಸೋಮವಾರದ ದಿನಾಂಕ. ಹೊಂಡದ ಗೆರೆ ಸಮಾಧಿಯನ್ನು ಬಿಟ್ಟು ಸುತ್ತಿ ಹೋಗಿತ್ತು. ಆಸಿಮ್ ಆ ಗೂಟಗಳನ್ನು ಹೊಡೆದದ್ದು ಸಮಾಧಿಯನ್ನು ಉಳಿಸಲೆಂದೇ.

ಬಕ್ಕೇಶ್ ಆ ಗೆರೆಯ ಮೇಲೆ ಬೆರಳು ಸವರಿದ. ಉಮಾಮಹೇಶ್ವರಿ ನಕ್ಷೆ ಮಡಚಿದರು. ಇನ್ನು ಹರಿಹರಕ್ಕೆ ಹೋಗಿ ಮಾಬೂಬೀಗೆ ಹೇಳಬೇಕಿತ್ತು.