ಐಬು ಹೇಳಿ ತೋರಿಸಿದ ಮನೆ

ತನ್ನ ಮನೆಯನ್ನು ತನ್ನನ್ನು ಒಂದು ಮಾತೂ ಕೇಳದೆ ಮಾರುತ್ತಿದ್ದಾರೆ ಎಂದು ಅಬ್ದುಲರಜಾಕನಿಗೆ ಬಹಳ ನೋವಾಯಿತು. ತಾನು ಸತ್ತು ಇಪ್ಪತ್ತಾರು ವರ್ಷವಾಗಿದೆ ಎಂಬ ವಿಚಾರ ಆ ನೋವನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲ.

ಸುದ್ದಿ ಬಂದದ್ದು ಫೋನಿನಲ್ಲಿ. ಸಾಯುವ ಮೊದಲೂ ಸತ್ತ ಮೇಲೂ ಅವನ ಕೆಲಸ ಲಾರಿ ಹೊಡೆಯುವುದೇ. ಹೊಸಪೇಟೆಯ ಗ್ಯಾರೇಜಿನ ಮುಂದೆ ಟೈರಿನ ಮೇಲೆ ಕುಳಿತಿದ್ದಾಗ ಲಾರಿ ಡ್ರೈವರುಗಳ ಗ್ರೂಪಿಗೆ ಐದು ಫೋಟೋ ಬಂದು ಬಿದ್ದವು. ‘ಬ್ಯಾಡಗಿಯಲ್ಲಿ ಮನೆ ಮಾರಾಟಕ್ಕಿದೆ. ಪಡಸಾಲೆ, ನಡುಮನೆ, ಒಳಕೋಣೆ, ಹಿತ್ತಲು.’ ಬಾಡಿಗೆ ಕೋಣೆಯ ಬಾಡಿಗೆಯನ್ನೇ ಸರಿಯಾಗಿ ಕೊಡದ ಡ್ರೈವರುಗಳಿಗೆ ಮನೆ ಮಾರಲು ಹೊರಟವರು ಯಾರು ಎಂದು ಅವನಿಗೆ ನಗು ಬಂತು. ನಾಲ್ಕನೆಯ ಫೋಟೋದಲ್ಲಿ ಬರೀ ಒಂದು ಗೋಡೆ ಇತ್ತು, ಗೋಡೆಯಲ್ಲಿ ಒಂದು ಗೂಡು ಇತ್ತು. ಗೋಡೆಯ ಫೋಟೋ ತೆಗೆಯುವ ಮಂದಿಯೂ ಇದ್ದಾರಲ್ಲ ಎಂದುಕೊಂಡ. ಆಮೇಲೆ ಗೂಡನ್ನು ದೊಡ್ಡದು ಮಾಡಿ ನೋಡಿದ. ನಗು ನಿಂತಿತು.

ಆ ಗೂಡಿನ ಹಿಂದಿನ ಇಟ್ಟಿಗೆಯ ಹಿಂದೆ ಅವನ ತಾಯಿಯ ಎರಡು ಚಿನ್ನದ ಪಾಟಲಿ ಇದ್ದವು. ತಾಯಿ ಸತ್ತಾಗ ಅಣ್ಣ ಕೇಳಿಯಾನು ಎಂದು ಅಲ್ಲಿ ಮುಚ್ಚಿದ್ದ. ಹೆಂಡತಿ ಜುಬೇದಾಳಿಗೂ ಹೇಳಿರಲಿಲ್ಲ. ಹೊಸಪೇಟೆಯ ಒಬ್ಬಾಕೆಯ ಮಾತಿಗೆ ಮರುಳಾಗಿ, ಐರಣಿಯಲ್ಲಿ ಹೊಳೆಯ ದಂಡೆಗೆ ಅಂಗಿ, ಲುಂಗಿ, ಚಪ್ಪಲಿ ಬಿಟ್ಟು ಸತ್ತವನಂತೆ ಮಾಯವಾಗುವುದೆಂದು ಗೊತ್ತು ಮಾಡಿಕೊಂಡ ಮೇಲೆ, ಆ ಪಾಟಲಿ ತೆಗೆದುಕೊಳ್ಳಲು ಹನ್ನೊಂದು ದಿನ ಕಾದ. ಆಗಲಿಲ್ಲ. ಜುಬೇದಾ ಅದೇ ಕೋಣೆಯಲ್ಲಿ ಬಾಣಂತಿಯಾಗಿ ಮಲಗಿದ್ದಳು. ನಲವತ್ತು ದಿನ ಆ ಕೋಣೆ ಹೆಂಗಸರದು. ಗಂಡಸರು ಹೊಸ್ತಿಲ ಆಚೆ ನಿಂತು ಕೆಮ್ಮಬಹುದು, ಅಷ್ಟೇ. ಹನ್ನೊಂದನೆಯ ದಿನ ಅವನು ಬರಿಗೈಯಲ್ಲಿ ಸಾಯಬೇಕಾಯಿತು.

ಹಾಗಾಗಿ ಅವನ ಲೆಕ್ಕದಲ್ಲಿ ಪಾಟಲಿ ಕಸಿದುಕೊಂಡದ್ದು ಆ ಕೂಸು. ಇಪ್ಪತ್ತಾರು ವರ್ಷ ಅವನು ಅದರ ಮೇಲೆ ಸಿಟ್ಟಿನಲ್ಲಿದ್ದ. ಅದರ ಮುಖ ಮಾತ್ರ ಸರಿಯಾಗಿ ನೋಡಿರಲಿಲ್ಲ. ಹೊಸಪೇಟೆಯ ಆಕೆಗೆ ಅವನ ಗುಣ ತಿಳಿಯಲು ನಾಲ್ಕು ವರ್ಷ ಹಿಡಿಯಿತು. ತಿಳಿದ ದಿನವೇ ಅವನ ಹಾಸಿಗೆ ಬೀದಿಗೆ ಬಂತು. ಅಂದಿನಿಂದ ಅವನಿಗೆ ತನ್ನದು ಎಂದು ಉಳಿದದ್ದು ಆ ಗೋಡೆಯೊಳಗಿನ ಎರಡು ಬಳೆ.

ಕದಿಯುವುದು ಎಂಬ ಮಾತು ಅವನ ಮನಸ್ಸಿಗೆ ಬರಲಿಲ್ಲ. ತನ್ನ ವಸ್ತುವನ್ನು ತಾನು ತರುವುದು. ಅದೂ ಹಗಲಿನಲ್ಲಿ, ಮುಂಬಾಗಿಲಿನಿಂದ, ಅವರೇ ಚಹಾ ಕೊಟ್ಟು ಕಳಿಸುವ ಹಾಗೆ. ಮನೆ ನೋಡಲು ಬಂದವನಿಗಿರುವ ಸ್ವಾತಂತ್ರ್ಯ ಈ ಲೋಕದಲ್ಲಿ ಅಳಿಯನಿಗೂ ಇಲ್ಲ.

ರಾಣೆಬೆನ್ನೂರಿನ ದಲ್ಲಾಳಿ ಪ್ರಭುಲಿಂಗಪ್ಪನಿಗೆ ಫೋನು ಮಾಡಿದ. ತಾನು ಹಾವೇರಿಯ ಫರ್ನಿಚರ್ ಅಂಗಡಿಯ ಇಸಾಕಸಾಬ ಎಂದ. ಮನೆಯ ಹೆಣ್ಣುಮಗಳು ಜುಬೇದಾ ತೀರಿಕೊಂಡು ಆರು ತಿಂಗಳಾಯಿತು, ಈಗ ಮಗಳು ಅಫ್ರೀನ್ ಒಬ್ಬಳೇ ಇದ್ದಾಳೆ ಎಂದು ಪ್ರಭುಲಿಂಗಪ್ಪ ಹೇಳಿದ. ಗುರುತು ಹಿಡಿಯುವ ಒಬ್ಬಳೂ ಇಲ್ಲದಂತಾಯಿತು. ಒಳ್ಳೆಯದೇ ಆಯಿತು ಎಂದುಕೊಂಡ. ಆ ದಿನ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಕೊಂಡು, ಕುಡಿಯದೆ ಎದ್ದು ಹೋದ.

ಸೋಮವಾರ ಗೊತ್ತು ಮಾಡಿದ. ಅಂದು ಮೆಣಸಿನಕಾಯಿ ಮಾರುಕಟ್ಟೆ. ಓಣಿಯ ಮಂದಿಯೆಲ್ಲ ಅಲ್ಲಿರುತ್ತಾರೆ, ಉಳಿದವರು ಘಾಟಿಗೆ ಮೂಗಿಗೆ ವಸ್ತ್ರ ಕಟ್ಟಿಕೊಂಡಿರುತ್ತಾರೆ. ಮುಖ ಮುಚ್ಚಿಕೊಂಡು ಬಂದವನನ್ನು ಇಡೀ ಜಗತ್ತಿನಲ್ಲಿ ಸಭ್ಯ ಎಂದು ತಿಳಿಯುವ ಊರು ಅದೊಂದೇ. ಮೇಲಾಗಿ, ಸತ್ತಾಗ ಅವನು ಕಡ್ಡಿಯಂತಿದ್ದ, ಕಪ್ಪು ಮೀಸೆ. ಈಗ ಹೊಟ್ಟೆ, ಕನ್ನಡಕ, ಮದರಂಗಿ ಹಚ್ಚಿದ ಗಡ್ಡ.

ಅವನಿಗಿದ್ದ ಭಯ ತನ್ನ ಮೈಯದು. ಆ ಮನೆ ಗೊತ್ತಿರುವ ಮೈ ಅದು. ನಡುಮನೆಯ ಬಾಗಿಲು ಗಿಡ್ಡ. ಗೊತ್ತಿದ್ದವರು ತಾವಾಗಿ ಬಗ್ಗುತ್ತಾರೆ. ಅಲ್ಲಿ ತಲೆ ಬಡಿಸಿಕೊಳ್ಳಬೇಕು ಎಂದು ಚೀಟಿಯಲ್ಲಿ ಬರೆದುಕೊಂಡ. ಹಿತ್ತಲ ಮೆಟ್ಟಿಲು ಒಂದು ಎತ್ತರ, ಒಂದು ತಗ್ಗು, ಅಲ್ಲಿ ಎಡವಬೇಕು. ಬಚ್ಚಲು ಎಲ್ಲಿ ಎಂದು ಕೇಳಬೇಕು. ಲೈಟಿನ ಬಟನ್ ಹುಡುಕಬೇಕು. ಮನೆಯವರು ಯಾರು, ಏನು ಎಂದು ವಿಚಾರಿಸಬೇಕು. ಇಷ್ಟನ್ನೂ ಹಾವೇರಿಯ ಲಾಡ್ಜಿನ ಕೋಣೆಯಲ್ಲಿ ಎರಡು ದಿನ ರೂಢಿ ಮಾಡಿದ. ಲಾಡ್ಜಿನವನು ಬಾಗಿಲಿಗೆ ಏನು ಬಡಿಯಿತು ಎಂದು ಎರಡು ಸಲ ಬಂದು ನೋಡಿ ಹೋದ.

ಇನ್ನು ಒಳಕೋಣೆಯಲ್ಲಿ ಒಬ್ಬನೇ ಹತ್ತು ನಿಮಿಷ ಇರುವುದು ಹೇಗೆ? ಅದಕ್ಕೆ ಅವನು ಹುಡುಕಿದ ಉಪಾಯ ಕೇಳಿದರೆ ನೀವೂ ತಲೆದೂಗುತ್ತೀರಿ. ನಮಾಜು. ಪ್ರಾರ್ಥನೆ ಮಾಡುವವನ ಬಾಗಿಲನ್ನು ಯಾರೂ ತೆರೆಯುವುದಿಲ್ಲ.

ಸೋಮವಾರ ಮಧ್ಯಾಹ್ನ ಪ್ರಭುಲಿಂಗಪ್ಪ ಬಸ್‌ಸ್ಟ್ಯಾಂಡಿನಿಂದಲೇ ಪಾಠ ಸುರುಮಾಡಿದ.

“ಇಸಾಕಸಾಬ್ರ, ಈಗಿನ ಮಂದಿ ಮನಿ ನೋಡೂದು ಕಲ್ತಿಲ್ರಿ. ಹ್ವಾದ ವಾರ ಒಬ್ಬಾಂವ ಅಡಗಿಮನಿ ಡಬ್ಬಿ ತಗದ ನೋಡಿದ. ಏನಪಾ, ಮನಿ ತಗೋತೀಯೋ ಬ್ಯಾಳಿ ತಗೋತೀಯೋ ಅಂದ್ನಿ. ಒಳಗ ನಿಂತು ಮನೀಗೆ ಹೆಸರಿಡಬ್ಯಾಡ್ರಿ. ರೇಟು ಹೆಣ್ಮಕ್ಕಳ ಮುಂದ ಎತ್ತಬ್ಯಾಡ್ರಿ. ಚಾ ಪೂರಾ ಕುಡದ್ರ ಮನಿ ಮನಸಿಗೆ ಬಂದೈತಿ ಅಂತ, ಅರ್ಧಾ ಬಿಟ್ರ ಇಲ್ಲಂತ. ಬಾಯ್ಲೆ ಬ್ಯಾಡ ಅಂತ ಹೇಳಿ ಯಾರ ಮನಸೂ ನೋಯಿಸಬಾರ್ದ್ರಿ.”

“ಒಳಗ ನಮಾಜ್ ಮಾಡಬಹುದೇನ್ರಿ?”

“ಅಯ್ಯ, ದೇವರಿಗೆ ಯಾರ್ ಬ್ಯಾಡಂತಾರ್ರಿ? ಒಬ್ರು ನಡುಮನ್ಯಾಗ ಕಾಯಿ ಒಡದ ನೋಡಿ, ಕಾಯಿ ಕೆಟ್ಟೈತಿ ಅಂತ ಮನೀನ ಬಿಟ್ಟ ಹೋದ್ರು. ಒಂದ ಮಾತ್ರ, ವಾಸ್ತು ಕೇಳಬ್ಯಾಡ್ರಿ ನನಗ. ಈ ಓಣೀನ ಓರೆ, ಅದಕ್ಕ ಮನೀನೂ ಓರೆ.”

ಬಾಗಿಲು ತೆರೆದವಳ ಕೊರಳಲ್ಲಿ ದರ್ಜಿಯ ಅಳತೆಪಟ್ಟಿ ಇತ್ತು. “ಬರ್ರಿ ಚಾಚಾ,” ಎಂದಳು. ಆ ಕೂಸು ಇಷ್ಟು ಎತ್ತರವಾಗಿತ್ತು. ಅವನು ಚಪ್ಪಲಿ ಬಿಟ್ಟು, ಒಳಗೆ ಬಂದು, ನಡುಮನೆಯ ಬಾಗಿಲಿಗೆ ಲಾಡ್ಜಿನಲ್ಲಿ ರೂಢಿ ಮಾಡಿದ್ದಕ್ಕಿಂತ ಬಲವಾಗಿ ತಲೆ ಬಡಿಸಿಕೊಂಡ.

“ಅಯ್ಯ! ನಾ ಮೊದಲ ಹೇಳಬೇಕಿತ್ತು. ಹೊಸಬರೆಲ್ಲಾ ಇಲ್ಲಿ ಹೊಡಸ್ಕೊಂತಾರ.” ಓಡಿಹೋಗಿ ತಣ್ಣೀರಿನ ಬಟ್ಟೆ ತಂದು ಅವನ ಹಣೆಗೆ ತಾನೇ ಒತ್ತಿದಳು. ಆ ಕೈಯ ಕೆಳಗೆ ಅವನು ಅಲುಗದೆ ನಿಂತ. ಹೊಸಬರೆಲ್ಲಾ ಎಂಬ ಮಾತು ಕೇಳಿ ಅವನಿಗೆ ಸಮಾಧಾನವಾಗಬೇಕಿತ್ತು. ಆಯಿತು ಎಂದೇ ಅವನು ತಿಳಿದುಕೊಂಡ.

ಮನೆ ತೋರಿಸುವ ರೀತಿ ಮಾತ್ರ ವಿಚಿತ್ರವಾಗಿತ್ತು. “ಈ ಗ್ವಾಡಿ ಮಳಿಗಾಲದಾಗ ಹಸಿ ಹಿಡೀತೈತಿ. ನಳಾ ಎಂಟ ದಿನಕ್ಕೊಮ್ಮೆ. ಹಿತ್ತಲ ಬಾಗಲಾ ಚಿಲಕಾ ಕೂಡೂದಿಲ್ಲ. ಬಾಜೂ ಮನಿ ಹೊಳಿಯವ್ವನ ಹುಂಜ ನಸುಕಿನ್ಯಾಗ ಮೂರಕ್ಕ ಒದರತೈತಿ.”

ಪ್ರಭುಲಿಂಗಪ್ಪ ಹಣೆ ಹಣೆ ಬಡಿದುಕೊಂಡ. “ಯವ್ವಾ, ಮನಿ ಮಾರಾಕತ್ತೀಯೋ, ಮನಿ ಮ್ಯಾಲೆ ಕೇಸ್ ಹಾಕಾಕತ್ತೀಯೋ?”

“ಐಬು ಹೇಳಿ ಮಾರಬೇಕಂತ ಅಮ್ಮಿ ಹೇಳ್ತಿದ್ಲ್ರಿ ಅಣ್ಣಾರ. ಮುಚ್ಚಿಟ್ಟ ಮಾರೂದು ಪಾಪ.”

ಅಬ್ದುಲರಜಾಕ ಬಚ್ಚಲು ಎಲ್ಲಿ ಎಂದು ಕೇಳಿದ. ಮೆಟ್ಟಿಲಿಗೆ ಎಡವಿದ. ಬಟನ್ ಹುಡುಕಿದ. ಚೀಟಿಯ ಪ್ರಕಾರ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಒಳಕೋಣೆಗೆ ಬಂದಾಗ ಕೊನೆಯ ಪ್ರಶ್ನೆ ಕೇಳಿದ: “ನಿಮ್ಮ ಅಬ್ಬಾ ಎಲ್ಲದಾರ, ಬೇಟಿ?”

“ಹೊಳ್ಯಾಗ ಹ್ವಾದ್ರು ಅಂತಾರ್ರಿ. ನಾ ಆಗ ಹನ್ನೊಂದ ದಿನದಾಕಿ. ಅಮ್ಮಿ ಮಾತ್ರ ಕೈಯಾನ ಬಳಿ ತಗೀಲಿಲ್ಲ. ಮಂದಿ ಭಾಳ ಅಂದ್ರು, ಹುಚ್ಚಿ ಅಂದ್ರು. ಇಲ್ಲೇ ಕುಂತ ಹೊಲೀತಿದ್ಲು.”

ನೆಲದಲ್ಲಿ ಹೊಲಿಗೆ ಯಂತ್ರದ ಕಾಲುಗಳು ಊರಿ ಊರಿ ನಾಲ್ಕು ತಗ್ಗು ಬಿದ್ದಿದ್ದವು. ಅವನು ಅವುಗಳ ಮೇಲೆ ಕಾಲಿಡದೆ ಸುತ್ತಿಕೊಂಡು ಹೋದ. ಗೂಡು ಇದ್ದಲ್ಲಿಯೇ ಇತ್ತು.

“ಅಸರ್ ಹೊತ್ತಾತು, ಬೇಟಿ. ಇಲ್ಲೇ ನಮಾಜ್ ಮಾಡ್ಲೇನು? ಮನ್ಯಾಗ ಬರಕತ್ ಐತೋ ಇಲ್ಲೋ ಗೊತ್ತಾಗತೈತಿ.”

ಅವಳು ಕೈಕಾಲು ತೊಳೆಯಲು ನೀರು ಕೊಟ್ಟಳು. ಪೆಟ್ಟಿಗೆಯಿಂದ ನಮಾಜಿಗೆ ಹಾಸುವ ಒಂದು ಹಳೆಯ ಜಾನಮಾಜ್ ತಂದು ಕೊಟ್ಟು ಬಾಗಿಲಲ್ಲಿ ನಿಂತಳು. ಅವನು ಅದನ್ನು ಕೊಡವಿ, ಕಿಟಕಿಯ ಮಗ್ಗುಲಿನ ಮೂಲೆಗೆ ಮುಖವಾಗಿ ಹಾಸಿ, ಬಹಳ ಭಕ್ತನಂತೆ ಕಣ್ಣು ಮುಚ್ಚಿದ. ಅವಳು ಬೇಗ ಹೋಗಲಿ ಎಂದು ಕಾದ. ಅವಳು ಬೇಗ ಹೋಗಲಿಲ್ಲ. ಆಮೇಲೆ ಬಾಗಿಲನ್ನು ಸದ್ದಾಗದಂತೆ ತಾನೇ ಎಳೆದುಕೊಂಡಳು.

ಇಟ್ಟಿಗೆ ಉಗುರಿನ ತುದಿಗೇ ಬಂತು. ಇಪ್ಪತ್ತಾರು ವರ್ಷದ ಗಾರೆ ಇಷ್ಟು ಸಲೀಸಾಗಿ ಬಿಟ್ಟದ್ದಕ್ಕೆ ಅವನು ತನ್ನ ಕೈಚಳಕವನ್ನು ಮೆಚ್ಚಿಕೊಂಡ. ಗಂಟು ಸಿಕ್ಕಿತು. ಕೆಂಪು ಬಟ್ಟೆಯಲ್ಲಿ ಕಟ್ಟಿದ್ದ ನೆನಪು. ಇದು ಹಸಿರು, ಅಂಚಿಗೆ ಸಣ್ಣ ಸಣ್ಣ ಹೊಲಿಗೆ. ನೆನಪಿಗೂ ವಯಸ್ಸಾಗುತ್ತದೆ ಎಂದುಕೊಂಡ. ಬಿಚ್ಚಿ ನೋಡಿದ. ಎರಡೂ ಇದ್ದವು. ಗಂಟನ್ನು ಸೊಂಟಕ್ಕೆ ಸಿಕ್ಕಿಸಿ ಇಟ್ಟಿಗೆ ಕೂರಿಸಿದ. ಇನ್ನೂ ಹೊತ್ತಿತ್ತು. ಜಾನಮಾಜಿನ ಮೇಲೆ ಸುಮ್ಮನೆ ಕುಳಿತ. ಕುಳಿತವನು ಏನು ತೋಚಿತೋ, ಬಗ್ಗಿ ಹಣೆ ಊರಿದ. ಬಾಗಿಲಿಗೆ ಬಡಿದು ಎದ್ದಿದ್ದ ಬುಗುಟು ನೆಲಕ್ಕೆ ತಾಗಿ ಕಣ್ಣಲ್ಲಿ ನೀರು ಬಂತು. ಬುಗುಟಿಗೇ ಬಂತು ಎಂದು ಅವನು ಇಂದಿಗೂ ಹೇಳುತ್ತಾನೆ.

ಹೊರಗೆ ಬಂದಾಗ ಚಹಾ ಸಿದ್ಧವಾಗಿತ್ತು. ಪ್ರಭುಲಿಂಗಪ್ಪ ಓಣಿಯಲ್ಲಿ ಫೋನು ಹಿಡಿದು ಘಾಟಿಗೆ ಸೀನುತ್ತಿದ್ದ. ಅಬ್ದುಲರಜಾಕ ರಿವಾಜಿನ ಪ್ರಕಾರ ಅರ್ಧ ಕಪ್ಪು ಕುಡಿದು ಕೆಳಗಿಟ್ಟ. ಮನೆ ಬೇಡ ಎಂದು ತಿಳಿಯಲಿ. ಇನ್ನೊಮ್ಮೆ ಬರುವ ಪ್ರಸಂಗವೇ ಬೇಡ.

ಅವಳು ಕಪ್ಪನ್ನು ನೋಡಿದಳು. “ಇರ್ಲಿ ಬಿಡ್ರಿ. ಮನಿ ಮಾರೂದಿಲ್ಲ ನಾ.”

“ಮತ್ತ ಫೋಟೋ...?”

“ಲಾರಿಯವರ ಗ್ರೂಪಿಗೆಲ್ಲಾ ಹಾಕ್ರಿ ಅಂತ ನಾನ ಹೇಳಿದ್ನಿ. ಸೊಂಟದಾನ ಗಂಟ ಬಿಗಿ ಕಟ್ಕೊಳ್ರಿ, ಬಸ್ಸಿನ್ಯಾಗ ಬಿದ್ದೀತು. ನಾ ಎರಡ ವರ್ಷದಾಕಿ ಇದ್ದಾಗ ಸುಣ್ಣಾ ಹಚ್ಚೂ ಮುಂದ ಅಮ್ಮಿಗೆ ಸಿಕ್ಕಿತ್ತು. ಇಟ್ಟಾಂವ ಒಂದಿನ ತಗೊಳಾಕ ಬರ್ತಾನ, ಒಬ್ಬರು ಇಟ್ಟ ಅಮಾನತ್ ಇನ್ನೊಬ್ಬರು ಮುಟ್ಟಬಾರ್ದು ಅಂದ್ಲು. ನನ್ನ ಸಾಲಿಗೆ ಮುಟ್ಟಲಿಲ್ಲ. ಹ್ವಾದ ವರ್ಷ ತನ್ನ ದವಾಖಾನಿಗೂ ಮುಟ್ಟಲಿಲ್ಲ. ಬಂದ್ರ ಚಾ ಕೊಡು, ಗಂಟ ಕೊಡು, ಜಗಳಾ ತಗೀಬ್ಯಾಡ ಅಂದಿದ್ಲು.”

“ನೀ ನನ್ನ ಬ್ಯಾರೆ ಯಾರೋ ಅಂತ ತಿಳದೀ, ಬೇಟಿ,” ಎಂದ ಅವನು. “ನಾ ಹಾವೇರಿ ಇಸಾಕಸಾಬ.”

“ಹೌದ್ರಿ, ಇಸಾಕಸಾಬ್ರ,” ಎಂದು ಅವಳು ಎದ್ದು ಮುಂದೆ ನಡೆದಳು. “ಮನಿ ನೋಡಾಕ ಬಂದೋರ್ನ ಬಾಗಲತನಕಾ ಕಳಿಸಿ ಬರೂದು ನಮ್ಮ ರಿವಾಜ್. ಬರ್ರಿ. ತಲಿ ಸಂಭಾಳಸ್ರಿ.”

ಅವನು ನಡುಮನೆಯ ಬಾಗಿಲಲ್ಲಿ ಬಗ್ಗಿ ದಾಟಿದ. ಗಂಟು ಸೊಂಟದಲ್ಲಿತ್ತು, ದಾರಿ ತೆರೆದಿತ್ತು, ಬೆನ್ನ ಹಿಂದೆ ಯಾರೂ ಇರಲಿಲ್ಲ. ಆದರೂ ಹೊಸ್ತಿಲಲ್ಲಿ ನಿಂತುಬಿಟ್ಟ. ಚಪ್ಪಲಿಯೊಳಗೆ ಕಾಲು ಹೋಗಲಿಲ್ಲ.

“ಹೆಂಗ ಗೊತ್ತಾತವಾ?” ಎಂದ, ಮೆಲ್ಲಗೆ.

ಅಫ್ರೀನ್ ಕೊರಳ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಅವನ ಹಣೆಯ ಬುಗುಟನ್ನು ನೋಡಿದಳು. “ಈ ಮನಿದು ಎಲ್ಲಾ ಐಬು ಹೇಳಿದ್ನಿ, ಒಂದ ಬಿಟ್ಟು. ಮನಿ ಓರೆ ಐತಿ, ಹಿಂಗಾಗಿ ನಮಾಜಿಗೆ ಮಾರಿ ಮಾಡೂ ಕಿಬ್ಲಾ ಗ್ವಾಡಿ ಕಡೆ ಬರೂದಿಲ್ಲ, ಮೂಲೀಗೆ ಬರತೈತಿ. ಮಸೂತಿ ಮೌಲಾನಾ ಸೈತ ಗ್ವಾಡಿ ಕಡೆ ಹಾಸಿ, ಅಮ್ಮಿ ಹೇಳಿದ ಮ್ಯಾಲೆ ತಿರುವಿ ಹಾಸಿದ್ರು. ಹೊರಗಿನವರು ಯಾರ ಬಂದ್ರೂ ಕಿಬ್ಲಾ ಯಾವ ಕಡೆ ಅಂತ ಕೇಳ್ತಾರ, ಇಲ್ಲಾ ಫೋನಿನ್ಯಾಗ ನೋಡ್ತಾರ. ನೀವು ಬಚ್ಚಲಾ ಕೇಳಿದ್ರಿ, ಲೈಟಿನ ಬಟನ್ ಹುಡಕಿದ್ರಿ, ನಮ್ಮ ಅಬ್ಬಾ ಎಲ್ಲದಾರ ಅಂತನೂ ಕೇಳಿದ್ರಿ. ಅದೊಂದ ಕೇಳಲಿಲ್ಲ.”