ನಕಲಿನ ಕೆಳಗಿನ ತಾರೀಕು

"ಪುಸ್ತಕ ಸಿಕ್ಕಿತಾ?" ದಮಯಂತಿ ಕೇಳಿದಳು.

"ಇಲ್ಲ ಮಾರಾಯ್ರೆ. ಇನ್ನೂ ನಲವತ್ತು ಕಟ್ಟು ಬಿಚ್ಚುದು ಬಾಕಿ ಉಂಟು," ಎಂದ ತಾಲೂಕು ಬೋರ್ಡಿನ ಗುಮಾಸ್ತ ಜತ್ತಪ್ಪ. "ಮುಂದಿನ ಗುರುವಾರ ಬನ್ನಿ."

"ಹೋದ ಗುರುವಾರವೂ ನಲವತ್ತೇ ಇತ್ತು."

ಜತ್ತಪ್ಪನ ಕಿವಿ ಕೆಂಪಾಯಿತು. ಅವನು ತಲೆ ತಗ್ಗಿಸಿ ಮಸಿಕುಡಿಕೆಯ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ದಮಯಂತಿ ನಗು ತಡೆಯಲು ಕಿಟಕಿಯ ಕಡೆ ನೋಡಿದಳು.

ಅವಳು ನಗಲು ಬಂದವಳಲ್ಲ. ಹನ್ನೊಂದು ವರ್ಷದ ಹಿಂದೆ ಅವಳ ಅಪ್ಪ ಮಾಯಿಲಪ್ಪ ಗೌಡರು ಬೊಳ್ಳಾಜೆ ಶಾಲೆಗೆ ಒಂದು ಎಕರೆ ಜಾಗ ಬಿಟ್ಟುಕೊಟ್ಟಿದ್ದರು. ಅದಕ್ಕೆ ಸಾಕ್ಷಿ ಎಂದರೆ ಹಳೆ ಬೋರ್ಡಿನ ನಡಾವಳಿ ಪುಸ್ತಕದಲ್ಲಿದ್ದ ಒಂದೇ ಒಂದು ನಿರ್ಣಯ. ಈಗ, ೧೯೬೨ರಲ್ಲಿ, ಶಾಲೆಗೆ ಹೊಸ ಕಟ್ಟಡ ಎದ್ದಿತ್ತು. ಜಾಗ ಕೊಟ್ಟದ್ದು ತಾನೇ ಎಂದು ಬೋರ್ಡಿನ ಮೆಂಬರ್ ಬೋಜಪ್ಪ ಕಲ್ಲಿನಲ್ಲಿ ಹೆಸರು ಕೆತ್ತಿಸಲು ಹೊರಟಿದ್ದ. ಉದ್ಘಾಟನೆಗೆ ಮೊದಲು ಆ ನಿರ್ಣಯದ ನಕಲು ತಂದು ಅವನ ಮುಖಕ್ಕೆ ಹಿಡಿಯಬೇಕು, ಊರೆದುರು ಅವನ ಮಾನ ಇಳಿಸಬೇಕು. ಅದಕ್ಕಾಗಿ ಅವಳು ಪ್ರತಿ ಗುರುವಾರ ಜಾಲ್ಸೂರಿನ ಬಸ್ಸು ಹತ್ತಿ ಬರುತ್ತಿದ್ದಳು.

ಎರಡನೇ ಗುರುವಾರ ಅವಳಿಗೆಂದು ಒಂದು ಸ್ಟೂಲು ಬಂದಿತ್ತು. ಮೂರನೆಯದಕ್ಕೆ ಮಜ್ಜಿಗೆ.

"ಇವತ್ತು ಸೇವಂತಿಗೆ ಮುಡಿದಿದ್ದೀರಿ," ಎಂದ ಒಮ್ಮೆ.

"ನೀವು ಕಟ್ಟು ನೋಡಿ. ತಲೆ ನೋಡ್ಬೇಡಿ."

ಹೀಗೆ ಮಾತಿಗೆ ಮಾತು ಬೆಳೆಯಿತೇ ಹೊರತು ಪುಸ್ತಕ ಸಿಗಲಿಲ್ಲ. ಏಪ್ರಿಲ್ ಹದಿನೈದಕ್ಕೆ ಉದ್ಘಾಟನೆ ನಡೆದೇಹೋಯಿತು, ಬೋಜಪ್ಪನ ಹೆಸರಿನ ಕಲ್ಲಿನೊಂದಿಗೆ. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದ ಮಾಯಿಲಪ್ಪ ಗೌಡರನ್ನು ಆಮಂತ್ರಣ ಇಲ್ಲವೆಂದು ಗೇಟಿನಲ್ಲೇ ತಡೆದರು. ಎರಡು ಗಂಟೆ ಬಿಸಿಲಿನಲ್ಲಿ ನಿಂತು, ಮನೆಗೆ ಬಂದು, ಅವರು ಅಂಗಿ ಕಳಚಿ ಮಡಚಿಟ್ಟರು.

ಎಂಟನೇ ಗುರುವಾರ, ಗೇಟಿನ ಸುದ್ದಿ ಕೇಳಿದ್ದ ಜತ್ತಪ್ಪ ನಕಲನ್ನು ಅವಳ ಮುಂದಿಟ್ಟ. ದಮಯಂತಿ ಓದಿದಳು. ಅಪ್ಪನ ಹೆಸರು ಸ್ಪಷ್ಟವಾಗಿತ್ತು. ಅದರ ಕೆಳಗೆ ಮೊಹರು, ಸಹಿ, ನಕಲು ತಯಾರಾದ ತಾರೀಕು.

"ಮಾರ್ಚ್ ಆರು? ಎಂತದು ಇದು?"

"ಬರೆದದ್ದು ಆ ದಿನವೇ. ನಿಮ್ಮ ಎರಡನೇ ಗುರುವಾರಕ್ಕೆ ಮೊದಲೇ."

"ಇವತ್ತಿನ ತಾರೀಕು ಹಾಕಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ರೆಕಾರ್ಡಿನಲ್ಲಿ ಸುಳ್ಳು ಬರೆಯುದು ಹೇಗೆ?"

ಆರು ಗುರುವಾರ ಬಾಯ್ತುಂಬ ಸುಳ್ಳು ಹೇಳಿದ ಮಹಾನುಭಾವನಿಗೆ ಬರೆಯುವಾಗ ಮಾತ್ರ ಕೈ ಬರಲಿಲ್ಲವಂತೆ! ದಮಯಂತಿಯ ಮೈಯೆಲ್ಲ ಉರಿಯಿತು.

"ನೀವು ಬೋಜಪ್ಪನ ಜನ ಅಂತ ಮೊದಲೇ ಹೇಳಬಾರದಿತ್ತಾ? ಬಿಡುದಿಲ್ಲ. ಅವನನ್ನೂ ಬಿಡುದಿಲ್ಲ, ನಿಮ್ಮನ್ನೂ ಬಿಡುದಿಲ್ಲ."

ಮೇ ತಿಂಗಳ ಬೋರ್ಡ್ ಮೀಟಿಂಗಿಗೆ ಅವಳು ಅರ್ಜಿ ಹಾಕಿದಳು. ಅಧ್ಯಕ್ಷರು ನಕಲನ್ನು ಗಟ್ಟಿಯಾಗಿ ಓದಿಸಿದರು. ಬೋಜಪ್ಪ ಎದ್ದು ನಿಂತ.

"ಇಂಥದ್ದು ಇದ್ದಿದ್ದರೆ ಉದ್ಘಾಟನೆಗೆ ಮೊದಲು ಯಾಕೆ ತರಲಿಲ್ಲ? ಇದು ಈಗ ಹುಟ್ಟಿಸಿದ ಕಾಗದ."

ದಮಯಂತಿ ಕಾಯುತ್ತಿದ್ದುದು ಇದಕ್ಕೇ. "ಬರೆದವರು ಇಲ್ಲೇ ಇದ್ದಾರೆ. ಯಾರು ಹೇಳಿ ಆರು ವಾರ ತಡೆದಿಟ್ಟರು ಅಂತ ಕೇಳಿ. ಆ ಉತ್ತರ ನಡಾವಳಿಯಲ್ಲಿ ಬರಬೇಕು."

ನಡಾವಳಿ ಬರೆಯುತ್ತಿದ್ದವನು ಜತ್ತಪ್ಪನೇ. ಲೇಖನಿ ಕೆಳಗಿಟ್ಟು ಎದ್ದ.

"ಯಾರೂ ಹೇಳಿಲ್ಲ. ನಕಲು ಕೊಟ್ಟರೆ ಇವರು ಮತ್ತೆ ಬರುದಿಲ್ಲ ಅಂತ ಇಟ್ಟುಕೊಂಡೆ. ತಪ್ಪು ನನ್ನದೇ."

ಸಭೆ ಗೊಳ್ಳೆಂದು ನಕ್ಕಿತು. ಅಧ್ಯಕ್ಷರು ಕನ್ನಡಕ ತೆಗೆದು, "ಇದನ್ನೂ ಬರೆಯುದಾ?" ಎಂದರು.

"ಅವರು ಕೇಳಿದ್ದಾರಲ್ಲ," ಎಂದು ಜತ್ತಪ್ಪ ಕೂತು ಅಷ್ಟನ್ನೂ ಬರೆದ. ಬರೆದಿಟ್ಟ ನಕಲು ಯಾವುದೋ ಕಟ್ಟಿನಲ್ಲಿ ಸೇರಿಹೋಗಿತ್ತು ಎಂದಿದ್ದರೆ ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ. ಅವನನ್ನು ಮುರಿಯಲೆಂದು ಬಂದ ದಮಯಂತಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಕಲ್ಲು ಬದಲಿಸಬೇಕೆಂದು ನಿರ್ಣಯವಾಯಿತು. ಜತ್ತಪ್ಪನಿಗೆ ನೆಲ್ಯಾಡಿಗೆ ವರ್ಗವಾಯಿತು.

ಹೊಸ ಕಲ್ಲಿನ ದಿನ ಅವನು ಬೊಳ್ಳಾಜೆಗೆ ಬಂದ. ದಮಯಂತಿ ಗೇಟಿನಲ್ಲೇ ಅಡ್ಡ ನಿಂತಳು.

"ನನ್ನ ಅಪ್ಪ ಇಲ್ಲಿ ಎರಡು ಗಂಟೆ ನಿಂತಿದ್ದಾರೆ."

ಜತ್ತಪ್ಪ ಅವಳ ಮುಖ ನೋಡಿದ, ಕೈಗಡಿಯಾರ ನೋಡಿದ. ಕೊಡೆ ಮಡಚಿ ಅಲ್ಲಿಯೇ ನಿಂತ.

ಒಳಗೆ, ಊರಿನ ಮೆಂಬರ್ ಎಂಬ ಕಾರಣಕ್ಕೆ ಕಲ್ಲಿನ ಪರದೆ ಸರಿಸುವ ಕೆಲಸ ಬೋಜಪ್ಪನ ಪಾಲಿಗೇ ಬಂದಿತ್ತು. ಮಾಯಿಲಪ್ಪ ಗೌಡರ ಹೆಸರನ್ನು ಅವನು ತನ್ನ ಕೈಯಾರೆ ಊರಿಗೆ ತೋರಿಸಬೇಕಾಯಿತು. ಅವನ ಮುಖ ನೋಡಿ ದಮಯಂತಿಯ ಹೊಟ್ಟೆ ತಣ್ಣಗಾಯಿತು. ಅಪ್ಪನ ಕೊರಳಿಗೆ ಹಾರ ಬಿತ್ತು. ಆದರೂ ಅವಳ ಕಣ್ಣು ಮತ್ತೆ ಮತ್ತೆ ಗೇಟಿಗೇ ಹೋಗುತ್ತಿತ್ತು. ಕೊನೆಗೆ ಎದ್ದು ಹೊರಗೆ ಬಂದಳು.

"ಇನ್ನು ಎಷ್ಟು ಬಾಕಿ ಉಂಟು?"

"ಮುಕ್ಕಾಲು ಗಂಟೆ."

ಅವಳು ಅವನ ಪಕ್ಕದಲ್ಲಿ ನಿಂತಳು.

"ನೀವು ಯಾಕೆ ನಿಲ್ಲುದು?"

ದಮಯಂತಿ ರಸ್ತೆಯನ್ನೇ ನೋಡುತ್ತಾ ಹೇಳಿದಳು, "ಐದನೇ ಗುರುವಾರ ಪುಸ್ತಕ ಸಿಗಲಿಲ್ಲ ಅಂತ ನೀವು ಹೇಳಿದಾಗ ನನಗೆ ಖುಷಿ ಆಗಿತ್ತು. ಅಪ್ಪನ ನೆನಪೇ ಆಗಲಿಲ್ಲ."

ಬಿಸಿಲಿಗೆ ಅವಳ ಹಣೆ ಬೆವರುತ್ತಿತ್ತು. ಜತ್ತಪ್ಪ ಕೊಡೆ ಬಿಡಿಸಹೋದ. ಅವಳು ಅವನ ಕೈಯ ಮೇಲೆ ಕೈಯಿಟ್ಟು ತಡೆದಳು, ಇಟ್ಟ ಕೈಯನ್ನು ತೆಗೆಯಲಿಲ್ಲ.

"ಬೇಡ. ಅಪ್ಪನಿಗೆ ಕೊಡೆ ಇರಲಿಲ್ಲ."