ಮೂರು ಪ್ಲಗ್ಗುಗಳ ಕಳವು

ಹನ್ನೆರಡನೇ ತಾರೀಖು, ಬೆಳಿಗ್ಗೆ 9.50. ಹೊಸ ಬಡಾವಣೆಯಲ್ಲಿ ಮೂರಂತಸ್ತಿನ ಮನೆ ಕಟ್ಟಿಸುತ್ತಿದ್ದ ಯಜಮಾನರು ಠಾಣೆಗೆ ಬಂದು ದೂರು ಕೊಟ್ಟರು. ಟೈಲ್ಸ್ ಕತ್ತರಿಸುವ ಮಷೀನಿನ ಪ್ಲಗ್ಗನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದಾರೆ. ಒಂದಲ್ಲ, ಮೂರು ದಿನದಲ್ಲಿ ಮೂರು.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ಅನುಮಾನ ಏನ್ ಬಂತು ಸಾರ್, ಟೈಲ್ಸ್ ಮೇಸ್ತ್ರೀನೇ. ಬೇಕಂತ ಕೆಲಸ ಎಳೀತಿದಾನೆ. ಬಡಾವಣೆ ಗ್ರೂಪಲ್ಲಿ ಅವನ ಫೋಟೋ ಹಾಕಾಯ್ತು."

ಬೀದಿಗೆ ನಾಲ್ಕು ಮನೆ ಏಳುತ್ತಿದ್ದ ಆ ಊರಲ್ಲಿ ಮೇಸ್ತ್ರಿಗಳಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಆದರೆ ಆ ಗ್ರೂಪಿನಲ್ಲಿ ಫೋಟೋ ಬಿದ್ದವನಿಗೆ ಒಂದು ಮನೆಯಲ್ಲೂ ಕೆಲಸ ಸಿಗುವುದಿಲ್ಲ. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ಲನ್ನು ಕರೆದುಕೊಂಡು ತಕ್ಷಣ ಹೊರಟರು. ಪ್ರತಿ ವರದಿಯಲ್ಲೂ 'ಸುಮಾರು ಹತ್ತು ಗಂಟೆಗೆ' ಎಂದೇ ಬರೆಯುವ ಆ ಪುಣ್ಯಾತ್ಮನನ್ನು ಠಾಣೆಯವರು ಸುಮಾರಣ್ಣ ಎಂದೇ ಕರೆಯುತ್ತಿದ್ದರು.

10.30ಕ್ಕೆ ಪಂಚನಾಮೆ. ಕತ್ತರಿಸಿದ ವೈರಿನ ತುದಿಗೆ ಬಿಳಿ ಟೇಪನ್ನು ಮಗುವಿನ ಬೆರಳಿಗೆ ಸುತ್ತಿದ ಹಾಗೆ ನೀಟಾಗಿ ಸುತ್ತಲಾಗಿತ್ತು. ಟೇಪಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಆ ದಿನದ ತಾರೀಖು, ಸಮಯ 8.25. ಹಿಂದಿನ ಎರಡು ದಿನದ ಟೇಪುಗಳು ಕಸದಲ್ಲಿ ಸಿಕ್ಕವು. ಅವುಗಳ ಮೇಲೂ ತಾರೀಖು, ಸಮಯ.

"ಕಳ್ಳ ನಿನಗಿಂತ ಶಿಸ್ತಿನೋನು ಕಣಯ್ಯಾ," ಎಂದರು ಇನ್‌ಸ್ಪೆಕ್ಟರ್. ಸುಮಾರಣ್ಣ ಹಲ್ಲು ಕಿರಿದ.

ಮೇಸ್ತ್ರಿ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ.

"ಈ ಟೇಪ್ ನಿನ್ದಾ?"

"ನನ್ದು ಕಪ್ಪು ಟೇಪ್ ಸಾರ್."

"ಎಷ್ಟೊತ್ತಿಗೆ ಬರ್ತೀಯ?"

"ಒಂಬತ್ತಕ್ಕೆ. ಸಾರ್, ಬೆಳಿಗ್ಗೆಯಿಂದ ಇಬ್ರು ಫೋನ್ ಮಾಡಿ ಕೆಲಸಕ್ಕೆ ಬರಬೇಡ ಅಂದ್ರು. ಹದಿನೆಂಟು ವರ್ಷದಿಂದ ಉಳಿಸ್ಕೊಂಡ ಹೆಸರು..."

11.10. ಔಷಧಿ ಅಂಗಡಿಯವನು ಟೇಪನ್ನು ನೋಡಿದ ಕೂಡಲೇ ಹೇಳಿದ: "ಡ್ರಿಪ್ ಹಾಕಿದ ಕೈಗೆ ಅಂಟಿಸೋದು ಸಾರ್. ಅದರ ಮೇಲೆ ತಾರೀಖು, ಟೈಮು ಬರೀದೆ ನರ್ಸುಗಳು ಬಿಡಲ್ಲ."

ಕಟ್ಟುತ್ತಿದ್ದ ಮನೆಗೆ ಅಂಟಿಕೊಂಡೇ ಒಂದು ಬಾಡಿಗೆ ಮನೆ. ಕಿಟಕಿಗಳಿಗೆಲ್ಲ ಒಳಗಿನಿಂದ ಕಪ್ಪು ಕಾಗದ. ಕಾಲಿಂಗ್ ಬೆಲ್ಲಿನ ಗುಂಡಿಯ ಮೇಲೂ ಅದೇ ಬಿಳಿ ಟೇಪು. ಇನ್‌ಸ್ಪೆಕ್ಟರ್ ಬಾಗಿಲು ತಟ್ಟಿದರು. ಕಣ್ಣು ಕೆಂಡವಾಗಿದ್ದ ಹೆಣ್ಣುಮಗಳೊಬ್ಬಳು ತೆರೆದಳು. ನವಜಾತ ಶಿಶುಗಳ ವಾರ್ಡಿನ ನರ್ಸು, ರಾತ್ರಿ ಪಾಳಿ.

"ಇದು ನಿಮ್ಮ ಅಕ್ಷರಾನಾ?"

"ಅಯ್ಯೋ, ಟೈಮೂ ಬರೆದಿದೀನಾ!" ಅವಳು ಹಣೆ ಚಚ್ಚಿಕೊಂಡಳು. "ಟೇಪ್ ಸುತ್ತಿದ್ರೆ ಕೈ ತಾನೇ ಬರೆದುಬಿಡುತ್ತೆ ಸಾರ್."

"ಕದಿಯೋರು ಟೇಪ್ ಯಾಕಮ್ಮಾ ಸುತ್ತಬೇಕು?"

"ತಂತಿ ಯಾರಿಗಾದ್ರೂ ಚುಚ್ಚೀತು ಅಂತ."

"ಇದರಿಂದ ಮೇಸ್ತ್ರಿ ಹೆಸರು ಕೆಟ್ಟಿದೆ. ಗೊತ್ತಾ?"

ಅವಳ ಮುಖ ಬಿಳಿಚಿತು. ಒಳಗೆ ಹೋಗಿ ಮೂರು ಪ್ಲಗ್ಗುಗಳನ್ನು ತಂದು ಕೊಟ್ಟು, ಚಪ್ಪಲಿ ಮೆಟ್ಟಿದಳು. "ನಡೀರಿ ಸಾರ್."

ಮಹಿಳಾ ಕಾನ್‌ಸ್ಟೇಬಲ್ ಸಮಕ್ಷಮದಲ್ಲಿ 11.50ಕ್ಕೆ ದಸ್ತಗಿರಿಯಾಯಿತು. ಠಾಣೆಯಲ್ಲಿ ಅವಳು ಕೊಟ್ಟ ಹೇಳಿಕೆ ಚಿಕ್ಕದು. ಮಷೀನು ಒಂಬತ್ತಕ್ಕೆ ಶುರುವಾದರೆ ಕಣ್ಣು ಮುಚ್ಚಲು ಸಾಧ್ಯವಿರಲಿಲ್ಲ. ಯಜಮಾನರನ್ನು ಎರಡು ಸಲ ಕೇಳಿಕೊಂಡಳು, ಹಗಲು ಯಾರಮ್ಮಾ ಮಲಗ್ತಾರೆ ಎಂದು ಅವರು ನಕ್ಕರು. ಹಿಂದಿನ ವಾರ ಬೆಳಗಿನ ಜಾವ ಒಂದು ಕೂಸಿಗೆ ಹತ್ತುಪಟ್ಟು ಔಷಧಿಯನ್ನು ಸಿರಿಂಜಿಗೆ ಎಳೆದಿದ್ದಳು. ಚುಚ್ಚುವ ಮೊದಲು ಇನ್ನೊಮ್ಮೆ ನೋಡಿದ್ದಕ್ಕೆ ಕೂಸು ಉಳಿಯಿತು. ಆ ಭಯವೇ ಅವಳ ಕೈಗೆ ಕತ್ತರಿ ಕೊಟ್ಟಿತ್ತು.

ಠಾಣೆಯಲ್ಲೇ ಜಾಮೀನು ಸಿಗುವ ಕೇಸು. ಆದರೆ ಜಾಮೀನಿಗೆ ಸಹಿ ಹಾಕಲು ಈ ಊರಲ್ಲಿ ಅವಳಿಗೆ ಪರಿಚಯದವರೇ ಇರಲಿಲ್ಲ.

"ನಾನ್ ಹಾಕ್ತೀನಿ ಸಾರ್ ಸಹಿ," ಎಂದ ಯಜಮಾನರ ಜೊತೆ ಠಾಣೆಗೆ ಬಂದು ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ.

ಯಜಮಾನರು ಹೌಹಾರಿದರು. "ನಿನ್ನ ಹೆಸರು ಕೆಡಿಸಿದ್ದು ಇವಳೇ ಕಣೋ!"

"ಹೆಸರು ಕೆಟ್ಟಿದ್ದು ಫೋಟೋದಿಂದ ಯಜಮಾನ್ರೇ, ಪ್ಲಗ್ಗಿಂದಲ್ಲ."

ಇನ್‌ಸ್ಪೆಕ್ಟರ್ ಯಜಮಾನರನ್ನೇ ದಿಟ್ಟಿಸಿ ನೋಡಿದರು. ಅವರು ತೆಪ್ಪಗೆ ಫೋನ್ ತೆಗೆದು, ಮೇಸ್ತ್ರಿಯದೇನೂ ತಪ್ಪಿಲ್ಲ ಎಂದು ಗ್ರೂಪಿಗೆ ಬರೆದರು.

"ಇನ್ಮೇಲೆ ಬೆಳಿಗ್ಗೆ ಟೈಲ್ಸ್ ಜೋಡಿಸ್ತೀನಿ, ಸಂಜೆ ನಾಲ್ಕರ ಮೇಲೆ ಕತ್ತರಿಸ್ತೀನಿ. ಅಷ್ಟೇ ತಾನೇ," ಎಂದು ಮೇಸ್ತ್ರಿ ಪೆನ್ನು ತೆಗೆದುಕೊಂಡ.

ಈಗ ಅವಳ ಸಹಿ ಬೇಕಿತ್ತು. ತಿರುಗಿ ನೋಡಿದರೆ, ಬೆಂಚಿನ ಮೇಲೆ ಗೋಡೆಗೆ ತಲೆಯಾನಿಸಿ ಅವಳು ಗಾಢ ನಿದ್ದೆಯಲ್ಲಿದ್ದಳು. ಎಬ್ಬಿಸಲು ಹೋದ ಸುಮಾರಣ್ಣನನ್ನು ಇನ್‌ಸ್ಪೆಕ್ಟರ್ ಕಣ್ಣಲ್ಲೇ ತಡೆದು, ವೈರ್‌ಲೆಸ್ಸಿನ ಸದ್ದು ತಗ್ಗಿಸಿದರು.

"ಸಹಿ ಸಂಜೆ ನಾಲ್ಕಕ್ಕೆ," ಎಂದು ಪಿಸುಗುಟ್ಟಿದರು.

ಮೇಸ್ತ್ರಿ ಚಪ್ಪಲಿ ಹೊರಗೆ ಬಿಟ್ಟು, ಸದ್ದಾಗದಂತೆ ಬಂದು ಎದುರು ಬೆಂಚಿನಲ್ಲಿ ಕಾಯುತ್ತಾ ಕೂತ.